ಸಾಂಕ್ರಾಮಿಕ ಕಾಲದ ವೇತನ ಬೆಂಬಲ

ಸಾಂಕ್ರಾಮಿಕ ರೋಗ ಹರಡಿ ಅಂಗಡಿ, ಹೋಟೆಲು, ಕಾರ್ಖಾನೆಗಳ ಬಾಗಿಲು ಹಾಕಿದಾಗ ನೌಕರರ ಸಂಬಳದ ಒಂದು ಪಾಲನ್ನು ಸರ್ಕಾರವೇ ಹೊತ್ತುಕೊಂಡು, ಅವರು ಕೆಲಸ ಕಳೆದುಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ. ಹಣ ಸಾಮಾನ್ಯವಾಗಿ ಮಾಲೀಕನ ಖಾತೆಗೆ ಬರುತ್ತದೆ. ಆತ ಅದನ್ನು ಸಂಬಳವಾಗಿ ನೌಕರನಿಗೆ ದಾಟಿಸುತ್ತಾನೆ. ನಿರುದ್ಯೋಗ ಭತ್ಯೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಭತ್ಯೆ ಸಿಗುವುದು ಕೆಲಸ ಹೋದ ಮೇಲೆ, ವೇತನ ಬೆಂಬಲ ಸಿಗುವುದು ಕೆಲಸ ಇನ್ನೂ ಕೈಯಲ್ಲಿರುವಾಗ. 2020–21ರ ಕೋವಿಡ್ ಕಾಲದಲ್ಲಿ ಇದು ಹಿಂದೆಂದೂ ಕಾಣದ ಪ್ರಮಾಣಕ್ಕೆ ಬೆಳೆಯಿತು. ಶ್ರೀಮಂತ ದೇಶಗಳೇ ಹೆಚ್ಚಾಗಿರುವ ಒಇಸಿಡಿ ಒಕ್ಕೂಟದ ಲೆಕ್ಕದಂತೆ, 2020ರ ಮೇ ಹೊತ್ತಿಗೆ ಅದರ ಸದಸ್ಯ ರಾಷ್ಟ್ರಗಳಲ್ಲಿ ಸುಮಾರು 5 ಕೋಟಿ ಉದ್ಯೋಗಗಳು ಇಂಥ ಯೋಜನೆಗಳ ಆಸರೆಯಲ್ಲಿದ್ದವು. 2008–09ರ ಆರ್ಥಿಕ ಕುಸಿತದ ಸಮಯಕ್ಕೆ ಹೋಲಿಸಿದರೆ ಹತ್ತು ಪಟ್ಟು.

ಈ ಕ್ರಮದ ಹಿಂದಿನ ತರ್ಕ ಸರಳ. ವ್ಯಾಪಾರ ನಿಂತದ್ದು ಸರಕು ಕೆಟ್ಟದಾಗಿದ್ದಕ್ಕಲ್ಲ, ಗಿರಾಕಿ ಬೇಡವೆಂದದ್ದಕ್ಕೂ ಅಲ್ಲ. ಸರ್ಕಾರವೇ ಮುಚ್ಚಿ ಎಂದದ್ದಕ್ಕೆ. ಕೆಲವು ತಿಂಗಳಲ್ಲಿ ಮತ್ತೆ ತೆರೆಯಲಿರುವ ಅಡುಗೆಮನೆಯಿಂದ ನುರಿತ ಬಾಣಸಿಗನನ್ನು ಕಳಿಸಿಬಿಟ್ಟು, ಆಮೇಲೆ ಹೊಸಬನನ್ನು ಹುಡುಕಿ ಪಳಗಿಸುವುದು ಇಬ್ಬರಿಗೂ ನಷ್ಟ. ಆ ಸಂಬಂಧ ಕಡಿಯದಂತೆ ಅಷ್ಟು ದಿನದ ಸಂಬಳವನ್ನು ಬೊಕ್ಕಸ ಕೊಟ್ಟರೆ ಒಟ್ಟಾರೆ ಖರ್ಚು ಕಡಿಮೆ ಎಂಬುದು ಬೆಂಬಲಿಗರ ವಾದ. ಬಿಕ್ಕಟ್ಟು ಮುಗಿದ ಮೇಲೂ ಉಳಿಯಲಾರದ ಉದ್ಯಮಗಳನ್ನು ಸಾರ್ವಜನಿಕರ ಹಣದಿಂದ ಜೀವಂತ ಇಟ್ಟು, ಬೇರೆಡೆ ಹೋಗಬೇಕಾದ ಕೆಲಸಗಾರರನ್ನು ಅಲ್ಲೇ ಕಟ್ಟಿಹಾಕಿದಂತಾಗುತ್ತದೆ ಎಂಬುದು ವಿರೋಧಿಗಳ ಮಾತು. ಎರಡರಲ್ಲೂ ಹುರುಳಿದೆ. ಆದರೆ ಯಾವ ದೇಶದಲ್ಲಿ ಯಾರಿಗೆ ಎಷ್ಟು ತಲುಪಿತು ಎಂಬುದನ್ನು ಈ ವಾದಗಳಿಗಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಒಂದು ಕಚೇರಿ ದಾಖಲೆ, ಸಂಬಳದ ಪಟ್ಟಿ. ಅದರಲ್ಲಿ ಹೆಸರಿದ್ದವರನ್ನು ಹುಡುಕುವುದು ಸರ್ಕಾರಕ್ಕೆ ಕೆಲವೇ ವಾರಗಳ ಕೆಲಸವಾಯಿತು. ಇಲ್ಲದವರು ಬಹುಮಟ್ಟಿಗೆ ಕಾಣದೇ ಹೋದರು.

ಜರ್ಮನಿಯ ಹಳೆಯ ಏರ್ಪಾಡು

ಕೋವಿಡ್ ಬರುವ ಹೊತ್ತಿಗೆ ಜರ್ಮನಿಯ ಬಳಿ ಸಿದ್ಧ ವ್ಯವಸ್ಥೆ ಇತ್ತು. ಕೆಲಸದ ಅವಧಿಯನ್ನು ತಗ್ಗಿಸಿ, ಕಡಿತವಾದ ಸಂಬಳದ ಭಾಗವನ್ನು ಸರ್ಕಾರಿ ನಿಧಿಯಿಂದ ತುಂಬಿಕೊಡುವ ‘ಕುರ್ಟ್ಸ್‌ಆರ್ಬೈಟ್’ ಪದ್ಧತಿಯ ಬೇರು 1910ರ ಪೊಟ್ಯಾಷ್ ಗಣಿಗಾರಿಕೆ ಕಾನೂನಿನಲ್ಲಿದೆ. 2009ರಲ್ಲಿ ಜರ್ಮನಿಯ ಉತ್ಪನ್ನ ಶೇ 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಅಷ್ಟಾಗಿ ಏರಲಿಲ್ಲ. ಅದಕ್ಕೆ ಈ ಪದ್ಧತಿಯೂ ಕಾರಣವೆಂದು ಅರ್ಥಶಾಸ್ತ್ರಜ್ಞರು ಗುರುತಿಸಿದ ಮೇಲೆ ಅದಕ್ಕೆ ಜಗತ್ತಿನ ಗಮನ ಸಿಕ್ಕಿತು.

2020ರಲ್ಲಿ ನಿಯಮಗಳನ್ನು ಸಡಿಲಿಸಲಾಯಿತು. ಹಿಂದೆ ಸಂಸ್ಥೆಯ ಮೂರನೇ ಒಂದು ಭಾಗ ನೌಕರರಿಗೆ ಕೆಲಸ ಕಡಿಮೆಯಾಗಿರಬೇಕಿತ್ತು; ಈಗ ಹತ್ತನೇ ಒಂದು ಭಾಗ ಸಾಕೆಂದಾಯಿತು. ಕಳೆದುಕೊಂಡ ನಿವ್ವಳ ಸಂಬಳದಲ್ಲಿ ಶೇ 60, ಮಕ್ಕಳಿದ್ದವರಿಗೆ ಶೇ 67 ಸಿಗುತ್ತಿತ್ತು. ಸಂಕಷ್ಟ ಉದ್ದವಾದಂತೆ, ಅರ್ಧದಷ್ಟಾದರೂ ಸಂಬಳ ಕಳೆದುಕೊಂಡವರಿಗೆ ಅದು ಏಳನೇ ತಿಂಗಳಿಂದ ಶೇ 80 ಮತ್ತು 87ಕ್ಕೆ ಏರಿತು. ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಈ ಪಟ್ಟಿಯಲ್ಲಿದ್ದರು. ಹಣ ಬಂದದ್ದು ನೌಕರರೂ ಮಾಲೀಕರೂ ತಿಂಗಳು ತಿಂಗಳು ತುಂಬುವ ನಿರುದ್ಯೋಗ ವಿಮೆಯ ನಿಧಿಯಿಂದ. ನ್ಯೂರೆಂಬರ್ಗ್‌ನಲ್ಲಿರುವ ಕೇಂದ್ರ ಉದ್ಯೋಗ ಸಂಸ್ಥೆ ಒಳ್ಳೆಯ ವರ್ಷಗಳಲ್ಲಿ ಕೂಡಿಟ್ಟಿದ್ದ ಸುಮಾರು 2,600 ಕೋಟಿ ಯೂರೊ ಕರಗಿದ ಮೇಲೆ ಸರ್ಕಾರದ ಬೊಕ್ಕಸ ಕೈಹಾಕಬೇಕಾಯಿತು. ವಿಮೆ ಕಟ್ಟದೆ ಸಣ್ಣ ಸಂಬಳಕ್ಕೆ ಅರೆಕಾಲಿಕ ಕೆಲಸ ಮಾಡುತ್ತಿದ್ದ ಲಕ್ಷಾಂತರ ಜನರಿಗೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಇದರಲ್ಲಿ ಪಾಲಿರಲಿಲ್ಲ.

ಐರೋಪ್ಯ ಒಕ್ಕೂಟ ಇದೇ ಮಾದರಿಯನ್ನು ಉಳಿದ ಸದಸ್ಯ ದೇಶಗಳಿಗೂ ಹರಡಲು ‘ಶ್ಯೂರ್’ ಎಂಬ ಸಾಲ ಯೋಜನೆಯನ್ನು 2020ರ ಮೇ 19ರಂದು ಅಂಗೀಕರಿಸಿ, 19 ದೇಶಗಳಿಗೆ 9,840 ಕೋಟಿ ಯೂರೊ ಸಾಲ ಕೊಟ್ಟಿತು. ಫ್ರಾನ್ಸ್‌ನಲ್ಲಿ ನಿವ್ವಳ ಸಂಬಳದ ಶೇ 84ರಷ್ಟು, ಕನಿಷ್ಠ ವೇತನದವರಿಗೆ ಪೂರ್ತಿ ಸಂಬಳ ಸಿಗುವಂತಾಯಿತು. ಡೆನ್ಮಾರ್ಕ್‌ನಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂತು ಮಾರ್ಚ್ ಮಧ್ಯದಲ್ಲೇ ಒಪ್ಪಂದ ಮಾಡಿಕೊಂಡವು: ಸಂಬಳದ ಶೇ 75 ಸರ್ಕಾರದ್ದು, ಉಳಿದದ್ದು ಮಾಲೀಕರದ್ದು, ನೌಕರರು ಐದು ದಿನದ ರಜೆ ಬಿಟ್ಟುಕೊಡಬೇಕು. ತೆರಿಗೆ ತಪ್ಪಿಸುವ ತಾಣಗಳಲ್ಲಿ ನೋಂದಣಿಯಾದ ಕಂಪನಿಗಳಿಗೆ ನೆರವಿಲ್ಲವೆಂದೂ ಆ ದೇಶ ಹೇಳಿತು.

ಬ್ರಿಟನ್: ಒಂದು ತಿಂಗಳಲ್ಲಿ ಕಟ್ಟಿದ ಯೋಜನೆ

ಬ್ರಿಟನ್ನಿಗೆ ಇಂಥ ಪರಂಪರೆ ಇರಲಿಲ್ಲ. 2020ರ ಮಾರ್ಚ್ 20ರಂದು ಆಗಿನ ಹಣಕಾಸು ಸಚಿವ ರಿಷಿ ಸುನಕ್, ಮನೆಯಲ್ಲಿ ಕೂತ ನೌಕರರ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರ ಕೊಡುತ್ತದೆ ಎಂದು ಘೋಷಿಸಿದರು. ಏಪ್ರಿಲ್ 20ಕ್ಕೆ ಅರ್ಜಿ ಸಲ್ಲಿಸುವ ಜಾಲತಾಣ ತೆರೆಯಿತು. ಸರ್ಕಾರಿ ಗಣಕ ಯೋಜನೆಗಳ ಚರಿತ್ರೆ ಗೊತ್ತಿದ್ದವರಿಗೆ ಇದು ನಂಬಲಾಗದ ವೇಗ. ಅದು ಸಾಧ್ಯವಾದದ್ದಕ್ಕೆ ಕಾರಣ ತೆರಿಗೆ ಇಲಾಖೆಯ ಬಳಿ ಇದ್ದ ಮಾಹಿತಿ. ಬ್ರಿಟನ್ನಿನ ಮಾಲೀಕರು ಪ್ರತಿ ಸಲ ಸಂಬಳ ಕೊಡುವಾಗಲೂ ಅದರ ವಿವರವನ್ನು ಇಲಾಖೆಗೆ ಆಗಿಂದಾಗ್ಗೆ ಕಳಿಸಬೇಕು. ಹೀಗಾಗಿ ಯಾರು ಎಲ್ಲಿ ಎಷ್ಟಕ್ಕೆ ದುಡಿಯುತ್ತಾರೆ ಎಂಬುದು ಅರ್ಜಿ ಬರುವ ಮೊದಲೇ ಅಲ್ಲಿ ದಾಖಲಾಗಿತ್ತು.

‘ಫರ್ಲೋ’ ಎಂದೇ ಹೆಸರಾದ ಈ ಯೋಜನೆಯಲ್ಲಿ ಮೊದಮೊದಲು ಒಂದು ವಿಚಿತ್ರ ಷರತ್ತಿತ್ತು. ಹಣ ಬೇಕಾದರೆ ನೌಕರ ಆ ಸಂಸ್ಥೆಗೆ ಒಂದು ಗಂಟೆಯೂ ಕೆಲಸ ಮಾಡಬಾರದು. ಜರ್ಮನಿಯಂತೆ ಅರ್ಧ ದಿನದ ಕೆಲಸಕ್ಕೆ ಅವಕಾಶ ಸಿಕ್ಕಿದ್ದು ಜುಲೈ 1ರಿಂದ. ಆರಂಭದಲ್ಲಿ ಫೆಬ್ರವರಿ 28ಕ್ಕೆ ಸಂಬಳದ ಪಟ್ಟಿಯಲ್ಲಿದ್ದವರಿಗೆ ಮಾತ್ರ ಎಂದಿದ್ದ ಗಡುವನ್ನು, ಮಾರ್ಚ್‌ನಲ್ಲಿ ಕೆಲಸ ಬದಲಿಸಿದವರ ಗೋಳು ಕೇಳಿಬಂದ ಮೇಲೆ, ಮಾರ್ಚ್ 19ಕ್ಕೆ ಸರಿಸಲಾಯಿತು. ಮೇ ತಿಂಗಳ ಶಿಖರದಲ್ಲಿ ಸುಮಾರು 89 ಲಕ್ಷ ಉದ್ಯೋಗಗಳು ಫರ್ಲೋದಲ್ಲಿದ್ದವು. ಒಟ್ಟು 1.17 ಕೋಟಿ ಉದ್ಯೋಗಗಳು ಒಂದಲ್ಲ ಒಂದು ಹಂತದಲ್ಲಿ ಇದರ ನೆರವು ಪಡೆದವು. ಖರ್ಚು ಸುಮಾರು 7,000 ಕೋಟಿ ಪೌಂಡ್.

ಯೋಜನೆಯ ಮುಕ್ತಾಯದ ಕಥೆ ಆರಂಭದಷ್ಟು ಚೊಕ್ಕಟವಾಗಿಲ್ಲ. 2020ರ ಅಕ್ಟೋಬರ್ 31ಕ್ಕೆ ಮುಗಿಸುವುದೆಂದು ತೀರ್ಮಾನವಾಗಿತ್ತು. ಅದರ ಜಾಗಕ್ಕೆ ಇನ್ನೊಂದು, ಕಡಿಮೆ ಉದಾರ ಯೋಜನೆಯೂ ಘೋಷಣೆಯಾಗಿತ್ತು. ಮುಗಿಯಬೇಕಿದ್ದ ದಿನವೇ ಎರಡನೇ ಲಾಕ್‌ಡೌನ್ ಪ್ರಕಟವಾಗಿ ಫರ್ಲೋ ಮುಂದುವರಿಯಿತು. ಅಷ್ಟರಲ್ಲಿ ಅನೇಕ ಮಾಲೀಕರು ಅಕ್ಟೋಬರ್ ಗಡುವನ್ನು ನಂಬಿ ನೌಕರರನ್ನು ಕಳಿಸಿಯಾಗಿತ್ತು. ನೆರವಿನ ಮೊತ್ತದಷ್ಟೇ ಅದರ ಅವಧಿಯ ಖಚಿತತೆಯೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊನೆಗೆ 2021ರ ಸೆಪ್ಟೆಂಬರ್ 30ರಂದು ಯೋಜನೆ ಮುಗಿದಾಗ 11 ಲಕ್ಷಕ್ಕೂ ಹೆಚ್ಚು ಜನ ಇನ್ನೂ ಅದರಲ್ಲಿದ್ದರು. ನಿರುದ್ಯೋಗ ಶೇ 12ಕ್ಕೆ ಏರಬಹುದೆಂದು ಸರ್ಕಾರದ ಆಯವ್ಯಯ ಅಂದಾಜು ಕಚೇರಿ 2020ರ ಜುಲೈನಲ್ಲಿ ಭಯಪಟ್ಟಿತ್ತು. ಅದು ಶೇ 5ರ ಆಸುಪಾಸಿನಲ್ಲೇ ನಿಂತಿತು.

ಸ್ವಂತ ದುಡಿಮೆಯವರಿಗೆ ಬೇರೆ ಯೋಜನೆ ಬಂತು. ಆದರೆ ಹೊಸದಾಗಿ ಸ್ವಂತ ಕೆಲಸ ಆರಂಭಿಸಿದವರು, ತಮ್ಮದೇ ಸಣ್ಣ ಕಂಪನಿ ಮಾಡಿಕೊಂಡು ಲಾಭಾಂಶದಲ್ಲಿ ಬದುಕುತ್ತಿದ್ದವರು ಎರಡಕ್ಕೂ ಸೇರದೆ ಹೊರಗುಳಿದರು. ರಂಗಭೂಮಿ, ಸಂಗೀತ, ದೂರದರ್ಶನದವರು ಇವರಲ್ಲಿ ಬಹಳ. ಅತ್ಯಂತ ಕ್ರಮಬದ್ಧ ದಾಖಲೆಯ ದೇಶದಲ್ಲೂ ಪಟ್ಟಿಯ ಅಂಚಿನಲ್ಲಿದ್ದವರ ಗತಿ ಇದು.

ಅಮೆರಿಕದ ಅಡ್ಡದಾರಿ

ಅಮೆರಿಕ ಸಂಯುಕ್ತ ಸಂಸ್ಥಾನ ಎರಡೂ ದಾರಿಯನ್ನು ಒಟ್ಟಿಗೆ ಹಿಡಿಯಿತು. 2020ರ ಮಾರ್ಚ್ 27ರ ಕಾಯ್ದೆ ಒಂದು ಕಡೆ ನಿರುದ್ಯೋಗ ಭತ್ಯೆಗೆ ವಾರಕ್ಕೆ 600 ಡಾಲರ್ ಸೇರಿಸಿತು. ಮತ್ತೊಂದು ಕಡೆ 500ರವರೆಗೆ ನೌಕರರಿರುವ ಸಂಸ್ಥೆಗಳಿಗೆ ವೇತನ ಸಂರಕ್ಷಣಾ ಸಾಲ ತೆರೆಯಿತು. ಎರಡೂವರೆ ತಿಂಗಳ ಸಂಬಳದಷ್ಟು ಸಾಲ. ಅದರ ಬಹುಭಾಗವನ್ನು ಸಂಬಳಕ್ಕೇ ಬಳಸಿದರೆ ಮನ್ನಾ. ಸಾಲ ಹಂಚಿದ್ದು ಖಾಸಗಿ ಬ್ಯಾಂಕುಗಳು. ಮೊದಲ ಕಂತಿನ 34,900 ಕೋಟಿ ಡಾಲರ್ ಎರಡೇ ವಾರದಲ್ಲಿ ಖಾಲಿಯಾಯಿತು. ಬ್ಯಾಂಕಿನೊಡನೆ ಹಳೆಯ ಒಡನಾಟವಿದ್ದವರು ಮುಂದೆ ನಿಂತರು, ಬೀದಿ ಬದಿಯ ಸಣ್ಣ ಅಂಗಡಿಯವರು ಹಿಂದೆ ಬಿದ್ದರು. ಲಾಸ್ ಏಂಜಲೀಸ್ ಲೇಕರ್ಸ್ ಎಂಬ ಶ್ರೀಮಂತ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಸಾಲ ಸಿಕ್ಕಿತ್ತು; ಆಮೇಲೆ ಆ ತಂಡ ಹಣ ಹಿಂತಿರುಗಿಸಿತು.

ಒಟ್ಟು ಸುಮಾರು 80,000 ಕೋಟಿ ಡಾಲರ್ ಹೀಗೆ ಹೋಯಿತು. ಡೇವಿಡ್ ಆಟರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರಲ್ಲಿ ಶೇ 23ರಿಂದ 34ರಷ್ಟು ಮಾತ್ರ ನಿಜವಾಗಿ ಕೆಲಸ ಕಳೆದುಕೊಳ್ಳಲಿದ್ದ ನೌಕರರಿಗೆ ಸೇರಿತು. ಉಳಿದದ್ದು ಮಾಲೀಕರು, ಷೇರುದಾರರು, ಸಾಲ ಕೊಟ್ಟವರ ಪಾಲು. ಒಂದು ಉದ್ಯೋಗವನ್ನು ಒಂದು ವರ್ಷ ಉಳಿಸಲು ತಗುಲಿದ ವೆಚ್ಚ 1.7 ಲಕ್ಷದಿಂದ 2.57 ಲಕ್ಷ ಡಾಲರ್. ಇದಕ್ಕೆ ಅವರು ಕೊಟ್ಟ ಕಾರಣ ಗಮನಾರ್ಹ. ಯಾರಿಗೆ ನಷ್ಟವಾಗಿದೆ, ಯಾರಿಗಿಲ್ಲ ಎಂದು ಬೇರ್ಪಡಿಸಿ ಅಳೆದು ಕೊಡುವ ಆಡಳಿತ ಸಲಕರಣೆ ಅಮೆರಿಕದ ಕೈಯಲ್ಲಿರಲಿಲ್ಲ. ಇರದಿದ್ದಾಗ ಬೇಗ ಕೊಡಬೇಕೆಂದರೆ ಎಲ್ಲರಿಗೂ ಕೊಡಬೇಕು. ಅಲ್ಲಿನ ನಿರುದ್ಯೋಗ ಫೆಬ್ರವರಿಯ ಶೇ 3.5ರಿಂದ ಏಪ್ರಿಲ್‌ನಲ್ಲಿ ಶೇ 14.7ಕ್ಕೆ ಜಿಗಿಯಿತು. ಹಾಗೆಂದು ಅಮೆರಿಕದ ಕಾರ್ಮಿಕರು ಹಸಿದರು ಎಂದಲ್ಲ. 600 ಡಾಲರಿನ ಹೆಚ್ಚುವರಿಯಿಂದಾಗಿ ಭತ್ಯೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹಿಂದಿನ ಸಂಬಳಕ್ಕಿಂತ ಜಾಸ್ತಿ ಹಣ ಬಂತು. ಬ್ರಿಟನ್ ಕೆಲಸವನ್ನು ಉಳಿಸಿತು, ಅಮೆರಿಕ ಆದಾಯವನ್ನು ಉಳಿಸಿತು ಎನ್ನುವುದು ಸ್ಥೂಲವಾಗಿ ಸರಿ.

ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ವಲಸಿಗರ ಪ್ರಶ್ನೆ

ಆಸ್ಟ್ರೇಲಿಯದ ‘ಜಾಬ್‌ಕೀಪರ್’ ಸಂಬಳ ಎಷ್ಟೇ ಇರಲಿ, ಹದಿನೈದು ದಿನಕ್ಕೆ 1,500 ಆಸ್ಟ್ರೇಲಿಯನ್ ಡಾಲರ್ ಎಂದು ನಿಗದಿ ಮಾಡಿತು. ವಹಿವಾಟು ಶೇ 30ರಷ್ಟು ಕುಸಿಯುವ ನಿರೀಕ್ಷೆ ಇದ್ದರೆ ಸಾಕು, ಅರ್ಹತೆ. ನಿರೀಕ್ಷೆ ಸುಳ್ಳಾದರೂ ಹಣ ವಾಪಸು ಕೇಳುವ ಕಲಮು ಕಾನೂನಿನಲ್ಲಿರಲಿಲ್ಲ. ಕುಸಿತ ಕಾಣದೆ ಲಾಭ ಮಾಡಿದ ಸಂಸ್ಥೆಗಳಿಗೂ ಸಾವಿರಾರು ಕೋಟಿ ಡಾಲರ್ ಹೋಗಿದೆಯೆಂದು ಆಮೇಲೆ ತಿಳಿಯಿತು. 2020ರ ಮೇ ತಿಂಗಳಲ್ಲಿ ಇನ್ನೊಂದು ಮುಜುಗರ: ಯೋಜನೆಯ ವೆಚ್ಚವನ್ನು 6,000 ಕೋಟಿ ಡಾಲರಿನಷ್ಟು ಹೆಚ್ಚಾಗಿ ಅಂದಾಜಿಸಲಾಗಿದೆಯೆಂದು ಸರ್ಕಾರವೇ ಒಪ್ಪಿಕೊಂಡಿತು. ನ್ಯೂಜಿಲೆಂಡ್ ಇನ್ನೂ ಕಡಿಮೆ ಪ್ರಶ್ನೆ ಕೇಳಿ ಹನ್ನೆರಡು ವಾರದ ಹಣವನ್ನು ಒಟ್ಟಿಗೆ ಕೊಟ್ಟಿತು. ಆದರೆ ಪಡೆದ ಸಂಸ್ಥೆಗಳ ಹೆಸರನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಜಾಲತಾಣದಲ್ಲಿ ಹಾಕಿತು. ಆ ಒಂದು ಕ್ರಮ ಅಧಿಕಾರಿಗಳ ತಪಾಸಣೆಗಿಂತ ಅಗ್ಗವಾಗಿತ್ತು.

ಜಾಬ್‌ಕೀಪರ್‌ನಲ್ಲಿ ತಾತ್ಕಾಲಿಕ ವೀಸಾದ ಮೇಲಿದ್ದ ಬಹುತೇಕರಿಗೆ ಜಾಗವಿರಲಿಲ್ಲ. ಓದಿನ ಜೊತೆ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ದುಡಿದು ಬಾಡಿಗೆ ಕಟ್ಟುತ್ತಿದ್ದ ಭಾರತೀಯ ವಿದ್ಯಾರ್ಥಿಗಳು, ಕರ್ನಾಟಕದಿಂದ ಹೋದವರೂ ಸೇರಿ, ಇದರಿಂದ ಹೊರಗೆ ಬಿದ್ದರು. ತಮ್ಮನ್ನು ತಾವು ನೋಡಿಕೊಳ್ಳಲಾಗದ ಸಂದರ್ಶಕರು ಊರಿಗೆ ಮರಳಬಹುದು ಎಂಬ ಅರ್ಥದ ಮಾತನ್ನು ಅಂದಿನ ಪ್ರಧಾನಿ ಸ್ಕಾಟ್ ಮಾರಿಸನ್ ಆಡಿದರು. ಸಿಂಗಪುರದ ಯೋಜನೆಯೂ ನಾಗರಿಕರು ಮತ್ತು ಕಾಯಂ ನಿವಾಸಿಗಳ ಸಂಬಳಕ್ಕಷ್ಟೇ. ಸೌದಿ ಅರೇಬಿಯ ಖಾಸಗಿ ವಲಯದ ಸಂಬಳದ ಶೇ 60ರಷ್ಟನ್ನು ಮೂರು ತಿಂಗಳು ಕೊಡುವುದಾಗಿ ಹೇಳಿತು, ಸೌದಿ ಪ್ರಜೆಗಳಿಗೆ ಮಾತ್ರ. ಕೊಲ್ಲಿ ದೇಶಗಳಲ್ಲಿ ಕೆಲಸ ಹೋದ ಕರಾವಳಿಯವರಿಗೆ ಉಳಿದದ್ದು ಹಿಂತಿರುಗುವ ವಿಮಾನ. ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಯೋಜನೆಯಡಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು 2020ರ ಮೇ 12ರ ರಾತ್ರಿ.

ಭಾರತ: ಆದೇಶ ಉಂಟು, ಹಣ ಇಲ್ಲ

ಭಾರತದಲ್ಲಿ ಯುರೋಪಿನ ಅರ್ಥದ ವೇತನ ಬೆಂಬಲ ಬರಲಿಲ್ಲ. 2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದ ಐದನೇ ದಿನ ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ಒಂದು ಆದೇಶ ಹೊರಡಿಸಿತು: ಕೈಗಾರಿಕೆ, ಅಂಗಡಿ, ವಾಣಿಜ್ಯ ಸಂಸ್ಥೆಗಳು ಮುಚ್ಚಿದ ಅವಧಿಗೂ ಕಾರ್ಮಿಕರಿಗೆ ಕಡಿತವಿಲ್ಲದೆ ಸಂಬಳ ಕೊಡಬೇಕು. ಅದಕ್ಕೆ ಹಣ ಎಲ್ಲಿಂದ ಎಂಬ ಬಗ್ಗೆ ಆದೇಶದಲ್ಲಿ ಮಾತಿಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹತ್ತಾರು ಜನರನ್ನು ಇಟ್ಟುಕೊಂಡು, ದೊಡ್ಡ ಕಂಪನಿಗಳಿಂದ ಬರಬೇಕಾದ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ವರ್ಕ್‌ಶಾಪ್ ಮಾಲೀಕನಿಗೆ ಈ ಆದೇಶ ಪಾಲಿಸುವ ಶಕ್ತಿ ಇರಲಿಲ್ಲ. ಕಾರ್ಮಿಕನಿಗೆ ಅದನ್ನು ಜಾರಿ ಮಾಡಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ. ಮೇ 18ರಿಂದ ಆದೇಶ ರದ್ದಾಯಿತು. ಅದನ್ನು ಪ್ರಶ್ನಿಸಿ ಉದ್ಯಮಗಳು ಹೂಡಿದ್ದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ ಜೂನ್ 12ರಂದು, ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡ, ಎರಡೂ ಕಡೆಯವರು ಕೂತು ಮಾತಾಡಿಕೊಳ್ಳಲಿ ಎಂದಿತು. ಐವತ್ತು ದಿನಗಳ ಕೂಲಿಯ ಪ್ರಶ್ನೆ ಹೀಗೆ ಮಾತುಕತೆಗೆ ಬಿತ್ತು.

ವೇತನ ಬೆಂಬಲಕ್ಕೆ ಅತಿ ಹತ್ತಿರದ್ದೆಂದರೆ ಭವಿಷ್ಯ ನಿಧಿಯ ಕ್ರಮ. ನೂರರವರೆಗೆ ನೌಕರರಿದ್ದು, ಅವರಲ್ಲಿ ಶೇ 90 ಜನ 15,000 ರೂಪಾಯಿಗಿಂತ ಕಡಿಮೆ ಸಂಬಳದವರಾಗಿರುವ ಸಂಸ್ಥೆಗಳಲ್ಲಿ, ಆ ನೌಕರರ ಪರವಾಗಿ ಎರಡೂ ಕಡೆಯ ಪಿಎಫ್ ವಂತಿಗೆ, ಅಂದರೆ ಸಂಬಳದ ಶೇ 24, ಸರ್ಕಾರ ಕಟ್ಟಿತು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇದು ನಡೆಯಿತು. ವಿಸ್ತರಣೆಯ ಮೂರು ತಿಂಗಳಿಗೆ ಸರ್ಕಾರ ಹೇಳಿದ ಅಂಕಿ 72 ಲಕ್ಷ ನೌಕರರು, 2,500 ಕೋಟಿ ರೂಪಾಯಿ. 12,000 ರೂಪಾಯಿ ಸಂಬಳದವನ ಲೆಕ್ಕ ಹಾಕಿದರೆ ಸರ್ಕಾರ ಕಟ್ಟಿದ್ದು 2,880. ಅದರಲ್ಲಿ ಅವನ ಕೈಗೆ ಹೆಚ್ಚಾಗಿ ಸಿಕ್ಕಿದ್ದು ತನ್ನ ಪಾಲಿನ ಕಡಿತ ಉಳಿದ 1,440, ಅದೂ ಮಾಲೀಕ ಸಂಬಳ ಕೊಟ್ಟಿದ್ದರೆ. 2020ರ ನವೆಂಬರ್‌ನಲ್ಲಿ ಘೋಷಣೆಯಾದ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ ಇದೇ ಸಹಾಯವನ್ನು ಹೊಸ ನೇಮಕಾತಿಗಳಿಗೆ ಎರಡು ವರ್ಷ ವಿಸ್ತರಿಸಿತು. ಕೆಲಸ ಕಳೆದುಕೊಂಡ ಇಎಸ್‌ಐ (ನೌಕರರ ರಾಜ್ಯ ವಿಮೆ) ಸದಸ್ಯರಿಗೆ ಮೂರು ತಿಂಗಳು ಅರ್ಧ ಸಂಬಳ ಕೊಡುವ ಅವಕಾಶವೂ ಇತ್ತು. ಇವೆಲ್ಲ ಹರಿದದ್ದು ಮೊದಲೇ ತೋಡಿಟ್ಟಿದ್ದ ಕಾಲುವೆಗಳಲ್ಲಿ. ಪಿಎಫ್, ಇಎಸ್‌ಐ ಸಂಖ್ಯೆಯಿಲ್ಲದ ಗಾರೆ ಕೆಲಸದವರು, ಮನೆಗೆಲಸದವರು, ಹೋಟೆಲ್ ಹುಡುಗರ ಹೊಲಕ್ಕೆ ಕಾಲುವೆಯೇ ಇರಲಿಲ್ಲ. ಭಾರತದ ದುಡಿಯುವವರಲ್ಲಿ ಅಂಥವರೇ ಹತ್ತರಲ್ಲಿ ಎಂಟು-ಒಂಬತ್ತು ಮಂದಿ.

ಕರ್ನಾಟಕದಲ್ಲಿ ಈ ಕೊರತೆ ಬಯಲಾದದ್ದು 2020ರ ಮೇ ಮೊದಲ ವಾರ. ಬೆಂಗಳೂರಿನ ಕಟ್ಟಡ ನಿರ್ಮಾಣಗಾರರೊಡನೆ ಸಭೆ ನಡೆದ ಬೆನ್ನಲ್ಲೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರಿಗಾಗಿ ಬಿಡುತ್ತಿದ್ದ ಶ್ರಮಿಕ ರೈಲುಗಳನ್ನು ಬೇಡವೆಂದಿತು. ಟೀಕೆ ಎದ್ದು ಒಂದೆರಡು ದಿನದಲ್ಲಿ ನಿಲುವು ಬದಲಿಸಿತು. ಮಾಲೀಕ ಮತ್ತು ಕೆಲಸಗಾರನ ಸಂಬಂಧ ಕಡಿಯಬಾರದು ಎಂಬ ಕಾಳಜಿ ಲಂಡನ್ನಿನಲ್ಲೂ ಇತ್ತು, ಬೆಂಗಳೂರಿನಲ್ಲೂ ಇತ್ತು. ಅಲ್ಲಿ ಅದಕ್ಕೆ ಸಂಬಳ ಕೊಟ್ಟರು, ಇಲ್ಲಿ ರೈಲು ನಿಲ್ಲಿಸಲು ಹೋದರು. ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು: 7.75 ಲಕ್ಷ ಆಟೊ-ಟ್ಯಾಕ್ಸಿ ಚಾಲಕರಿಗೆ, 2.30 ಲಕ್ಷ ಕ್ಷೌರಿಕರಿಗೆ, 60,000 ಅಗಸರಿಗೆ ಒಂದು ಬಾರಿಗೆ ತಲಾ 5,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000. ಮಾಲೀಕನಿಲ್ಲದೆ ದುಡಿಯುವವರನ್ನು ಕಸುಬಿನ ಹೆಸರಿನಿಂದ ಗುರುತಿಸಿದ್ದು ಇದರ ಹೆಚ್ಚುಗಾರಿಕೆ. ಆದರೆ ಹಣ ಪಡೆಯಲು ಚಾಲಕರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಪರವಾನಗಿ, ವಾಹನದ ವಿವರ, ಆಧಾರ್ ಎಲ್ಲವನ್ನೂ ತುಂಬಬೇಕಿತ್ತು. ಘೋಷಣೆಯ ಅಂಕಿಗೂ ಖಾತೆಗೆ ಹಣ ಬಂದವರ ಸಂಖ್ಯೆಗೂ ಬಹಳ ಅಂತರ ಉಳಿಯಿತು. 2021ರ ಎರಡನೇ ಅಲೆಯಲ್ಲಿ ಇದೇ ಬಗೆಯ 1,250 ಕೋಟಿಯ ಪ್ಯಾಕೇಜ್ ಬಂದಾಗ ತಲಾ ಮೊತ್ತ 2,000–3,000ಕ್ಕೆ ಇಳಿದಿತ್ತು.

ಸಿದ್ಧ ಉಡುಪಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಈ ಇಡೀ ವ್ಯವಸ್ಥೆಯ ಎರಡು ತುದಿಗಳನ್ನು ಒಟ್ಟಿಗೆ ತೋರಿಸುತ್ತವೆ. ಯುರೋಪು, ಅಮೆರಿಕದ ಬ್ರ್ಯಾಂಡ್‌ಗಳು ಮಾರ್ಚ್-ಏಪ್ರಿಲ್‌ನಲ್ಲಿ ಆರ್ಡರ್ ರದ್ದು ಮಾಡಿದವು. ಲಂಡನ್ನಿನ ಮಳಿಗೆಯಲ್ಲಿ ಅಂಗಿ ಮಾರುವವಳಿಗೆ ಸಂಬಳದ ಶೇ 80 ಬಂತು. ಅದನ್ನು ಹೊಲಿದವಳಿಗೆ ಲೇ-ಆಫ್ ನೋಟಿಸು. ಶ್ರೀರಂಗಪಟ್ಟಣದ ಕಾರ್ಖಾನೆಯೊಂದರಲ್ಲಿ 2020ರ ಜೂನ್‌ನಲ್ಲಿ ಯಂತ್ರಗಳನ್ನು ಸಾಗಿಸುವುದನ್ನು ಕಂಡ ಸಾವಿರಕ್ಕೂ ಹೆಚ್ಚು ಮಹಿಳೆಯರು ವಾರಗಟ್ಟಲೆ ಧರಣಿ ಕೂತರು. ನೆರೆಯ ಬಾಂಗ್ಲಾದೇಶ ಬೇರೆ ದಾರಿ ಹುಡುಕಿತು. ರಫ್ತು ಕಾರ್ಖಾನೆಗಳ ಸಂಬಳಕ್ಕೆಂದೇ 5,000 ಕೋಟಿ ಟಾಕಾವನ್ನು ಶೇ 2ರ ಸೇವಾ ಶುಲ್ಕದ ಸಾಲವಾಗಿ ಕೊಟ್ಟು, ಆ ಹಣ ನೇರ ಕಾರ್ಮಿಕರ ಬ್ಯಾಂಕ್ ಅಥವಾ ಮೊಬೈಲ್ ಖಾತೆಗೇ ಹೋಗಬೇಕೆಂದು ಷರತ್ತು ಹಾಕಿತು. ಲಕ್ಷಗಟ್ಟಲೆ ಹೊಸ ಮೊಬೈಲ್ ಖಾತೆಗಳು ಕೆಲವೇ ವಾರಗಳಲ್ಲಿ ತೆರೆದವು. ಆ ಸಾಲ ಕಾರ್ಖಾನೆಯವರ ಹೆಗಲ ಮೇಲೆ ಉಳಿಯಿತು ಎಂಬುದು ಬೇರೆ ಮಾತು. ಬಡ ದೇಶಕ್ಕೆ ಇದು ಸಾಧ್ಯವೇ ಇಲ್ಲ ಎಂಬ ಮಾತಿಗಂತೂ ಅದು ಉತ್ತರ.

ಭಾರತದಲ್ಲಿ ಊರಿಗೆ ಮರಳಿದವರನ್ನು ಹಿಡಿದು ನಿಲ್ಲಿಸಿದ್ದು ಉದ್ಯೋಗ ಖಾತ್ರಿ. ಮುಂಗಡಪತ್ರದಲ್ಲಿ ಇಟ್ಟಿದ್ದ 61,500 ಕೋಟಿಗೆ ಕೇಂದ್ರ 40,000 ಕೋಟಿ ಸೇರಿಸಿತು. 2020–21ರಲ್ಲಿ 11 ಕೋಟಿಗೂ ಹೆಚ್ಚು ಜನ ಇದರಡಿ ದುಡಿದರು. ಸೃಷ್ಟಿಯಾದ ಮಾನವ ದಿನಗಳು ಸುಮಾರು 389 ಕೋಟಿ, ಆ ತನಕದ ದಾಖಲೆ. ಕರ್ನಾಟಕದಲ್ಲಿ ಆ ವರ್ಷದ ದಿನಗೂಲಿ 275 ರೂಪಾಯಿ. ಸಂಬಳ ನಿಂತ ಖಾಸಗಿ ಶಾಲೆಗಳ ಶಿಕ್ಷಕರೂ ಬದು, ಕೃಷಿಹೊಂಡದ ಕೆಲಸಕ್ಕೆ ಬಂದ ವರದಿಗಳು ಜಿಲ್ಲೆಗಳಿಂದ ಬಂದವು. ಇದು ಕಳೆದುಹೋದ ಕೆಲಸದ ಬದಲಿಗೆ ಸಿಕ್ಕ ಬೇರೊಂದು ಕೆಲಸ, ವೇತನ ಬೆಂಬಲವಲ್ಲ. ಪಟ್ಟಣಗಳಲ್ಲಿ ಅದೂ ಇರಲಿಲ್ಲ. ಈ ಅವಧಿಯಲ್ಲಿ ಇನ್ನೂ 23 ಕೋಟಿ ಜನ ರಾಷ್ಟ್ರೀಯ ಕನಿಷ್ಠ ಕೂಲಿಯ ರೇಖೆಗಿಂತ ಕೆಳಗೆ ಜಾರಿದರೆಂದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿ ಅಂದಾಜಿಸಿತು.

ಅಸಂಘಟಿತ ಕಾರ್ಮಿಕರ ರಾಷ್ಟ್ರಮಟ್ಟದ ದಾಖಲೆ ಬೇಗ ಮುಗಿಸಿ ಎಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಹೇಳಿದ ಮೇಲೆ, ಆಗಸ್ಟ್ 26ರಂದು ಇ-ಶ್ರಮ್ ಪೋರ್ಟಲ್ ಆರಂಭವಾಯಿತು. ಕೆಲಸಗಾರರು ತಮ್ಮ ಕಸುಬನ್ನು ತಾವೇ ಹೇಳಿ, ಆಧಾರ್ ಮತ್ತು ಬ್ಯಾಂಕ್ ಖಾತೆಯೊಡನೆ ಹೆಸರು ಬರೆಸಬಹುದು. 25 ಕೋಟಿಗೂ ಹೆಚ್ಚು ಜನ ಬರೆಸಿದ್ದಾರೆ. ಮತ್ತೊಂದು ಲಾಕ್‌ಡೌನ್ ಬಂದರೆ ಹಣ ಕಳಿಸಲು ವಿಳಾಸಗಳಂತೂ ಈಗ ಇವೆ. ಆದರೆ ಇದು ಸಂಬಳದ ಪಟ್ಟಿಯಲ್ಲ. ಯಾರ ಬಳಿ, ಎಷ್ಟು ಕೂಲಿಗೆ ದುಡಿಯುತ್ತಿದ್ದರು ಎಂಬುದನ್ನು ತಿಂಗಳು ತಿಂಗಳು ದೃಢೀಕರಿಸುವವರು ಇದರಲ್ಲಿ ಯಾರೂ ಇಲ್ಲ. ಹೀಗಾಗಿ ಇದರ ಮೂಲಕ ಎಲ್ಲರಿಗೂ ಸಮನಾದ ಒಂದು ಮೊತ್ತ ಹಂಚಬಹುದು. ಕಳೆದುಕೊಂಡ ಕೂಲಿಯ ಇಂತಿಷ್ಟು ಪಾಲು ಎಂದು ಲೆಕ್ಕ ಹಾಕಿ ಕೊಡಲು ಬಾರದು.